ದೇವರ ಬಾಗಿಲ ಸಿಂಹಮುಖ

(ಶಾಖಾಮಠದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||



ದೇವರ ಹಿಂದೆ ನಿಲ್ಲಿಸುವ ಪ್ರಭಾವಳಿಯ ನೆತ್ತಿಯಲ್ಲಿ ಒಂದು ಮುಖವಿರುತ್ತದೆ. ಹೊರಚಾಚಿದ ಗುಂಡುಕಣ್ಣು, ಗಂಟಿಕ್ಕಿದ ಹುಬ್ಬು, ಕೊಂಬಿನಂತೆ ಮೇಲೆ ಬಾಗಿದ ಕಿವಿ, ಕೋರೆದಾಡೆ. ಕೆಳದವಡೆ ಇರುವುದಿಲ್ಲ, ಕತ್ತು ಇರುವುದಿಲ್ಲ, ದೇಹವಂತೂ ಇಲ್ಲವೇ ಇಲ್ಲ. ಮಹಾಮಂಗಳಾರತಿಯ ಸಮಯದಲ್ಲಿ ಹಿರಿಯರ ದೃಷ್ಟಿ ದೇವರ ಪಾದದಿಂದ ಮುಖದವರೆಗೆ ಏರಿ ಅಲ್ಲಿಯೇ ನೆಲೆ ನಿಲ್ಲುತ್ತದೆ. ಮಕ್ಕಳ ದೃಷ್ಟಿ ಹಾಗಲ್ಲ. ಅದು ಇನ್ನೊಂದು ಗೇಣು ಮೇಲೆ ಹೋಗಿ ಆ ಮುಖವನ್ನು ಹಿಡಿಯುತ್ತದೆ. ‘ಅಜ್ಜ, ದೇವರ ತಲೆಯ ಮೇಲೆ ರಾಕ್ಷಸ ಯಾಕೆ ಇದ್ದಾನೆ?’ ಎಂಬ ಪ್ರಶ್ನೆ ಕೇಳಿಬರದ ಮಾಧ್ವ ಮನೆ ಇರಲಾರದು. ‘ಅದು ಬರೀ ಡಿಸೈನು ಮಗು, ನೀನು ದೇವರಿಗೆ ಕೈಮುಗಿ’ ಎಂಬ ಉತ್ತರವೂ ಅಷ್ಟೇ ಸಾಮಾನ್ಯ.

ಆ ಉತ್ತರ ಸಾಲದು. ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮನೆದೇವರಿಗೆ ಬೆಳ್ಳಿಯ ಪ್ರಭಾವಳಿ ಮಾಡಿಸುತ್ತವೆ. ಮಠ ಮಂದಿರಗಳ ಜೀರ್ಣೋದ್ಧಾರಕ್ಕೆ, ಹೊಸ ದ್ವಾರಬಂಧಕ್ಕೆ ಕಾಣಿಕೆ ಕೊಡುತ್ತವೆ. ಕಾರ್ಕಳದಿಂದಲೋ ಕೋಲಾರ ಜಿಲ್ಲೆಯ ಶಿವಾರಪಟ್ಟಣದಿಂದಲೋ ಶಿಲ್ಪಿಯನ್ನು ಕರೆಸಿ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಮೂರು ಬಗೆಯ ಮಾತುಗಳು ಏಳುತ್ತವೆ. ಮೊದಲನೆಯದು, ‘ಈ ರಾಕ್ಷಸನ ಮುಖ ಬೇಡ, ಅಲ್ಲಿ ಒಂದು ಕಮಲ ಹಾಕಿಬಿಡಿ’ ಎಂಬುದು. ಎರಡನೆಯದು, ‘ಇರಲಿ, ದೃಷ್ಟಿ ತಾಗುವುದಿಲ್ಲ, ನಮ್ಮ ಫ್ಲಾಟಿನ ಬಾಗಿಲಿಗೂ ಒಂದು ಬೇಕು’ ಎಂಬುದು. ಮೂರನೆಯದು ಸ್ವಲ್ಪ ಓದಿಕೊಂಡವರ ಮಾತು: ‘ನಮ್ಮ ಪುರಾಣಗಳಲ್ಲಿ ಇಂಥ ಕಲ್ಪಿತ ಪ್ರಾಣಿಗಳು ಬೇಕಾದಷ್ಟಿವೆ, ಸಿಂಹಮುಖ, ಮಕರ, ಗರುಡ, ನರಸಿಂಹ, ಎಲ್ಲವೂ ಅದೇ ಜಾತಿ’ ಎಂಬುದು.

ಈ ಮೂರರಲ್ಲಿ ಕೊನೆಯದೇ ಹೆಚ್ಚು ಗಂಭೀರವಾದ ತಪ್ಪಾದ್ದರಿಂದ ಅದನ್ನು ಮೊದಲು ವಿಚಾರಿಸುವುದು ಉಚಿತ. ಕಲೆಯ ಇತಿಹಾಸ ಬರೆದ ಪಾಶ್ಚಾತ್ಯ ವಿದ್ವಾಂಸರು ‘ಮಿಶ್ರಜೀವಿ’ಗಳೆಂಬ ಒಂದು ವರ್ಗವನ್ನು ಮಾಡಿಕೊಂಡಿದ್ದಾರೆ. ಗ್ರೀಕರ ಕುದುರೆಮೈಯ ಮನುಷ್ಯ, ಈಜಿಪ್ಟಿನ ಸಿಂಹದೇಹದ ಸ್ಫಿಂಕ್ಸ್, ಅಸ್ಸೀರಿಯಾದ ರೆಕ್ಕೆಯ ಗೂಳಿ ಇವೆಲ್ಲ ಆ ವರ್ಗಕ್ಕೆ ಸೇರಿದವು. ನೋಟಕ್ಕೆ ಹೋಲಿಕೆ ಇದೆಯೆಂಬ ಒಂದೇ ಕಾರಣದಿಂದ ಶ್ರೀನರಸಿಂಹ, ಶ್ರೀಹಯಗ್ರೀವ, ಶ್ರೀವರಾಹರನ್ನೂ ಅದೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ಶಾಲೆಯ ಮಕ್ಕಳ ಪುಸ್ತಕಗಳಲ್ಲಿಯೂ ಹಾಗೆಯೇ ಬಂದಿದೆ. ಶ್ರೀಮದಾಚಾರ್ಯರ ಸಿದ್ಧಾಂತವನ್ನು ಬಲ್ಲವರು ಇದನ್ನು ಒಪ್ಪುವಂತಿಲ್ಲ. ಭಗವಂತನ ರೂಪ ಪ್ರಾಕೃತವಲ್ಲ, ಅದು ಜ್ಞಾನಾನಂದಾತ್ಮಕವಾದುದು. ಅವನ ಅವಯವಗಳಿಗೂ ಅವನಿಗೂ ಭೇದವಿಲ್ಲ, ಒಂದು ಅವಯವಕ್ಕೂ ಇನ್ನೊಂದು ಅವಯವಕ್ಕೂ ಭೇದವಿಲ್ಲ, ಮೂಲರೂಪಕ್ಕೂ ಅವತಾರರೂಪಕ್ಕೂ ಭೇದವಿಲ್ಲ. ಅಂದಮೇಲೆ ನರಸಿಂಹನಲ್ಲಿ ಅರ್ಧ ಮನುಷ್ಯ, ಅರ್ಧ ಸಿಂಹ ಎಂದು ಎರಡು ತುಂಡುಗಳನ್ನು ಜೋಡಿಸಿದ ಮಾತೇ ಬರುವುದಿಲ್ಲ. ಪ್ರಹ್ಲಾದನ ಮಾತನ್ನು ನಿಜಗೊಳಿಸಲು ಕಂಬದಿಂದ ಹೊರಬಂದ ರೂಪ ಪೂರ್ಣವಾದ ರೂಪ. ಸಿಂಹವೂ ಅಲ್ಲ, ಮನುಷ್ಯನೂ ಅಲ್ಲ ಎಂಬುದು ಹಿರಣ್ಯಕಶಿಪುವಿನ ವರದ ಲೆಕ್ಕ. ಭಗವಂತನ ಸ್ವರೂಪದ ಲೆಕ್ಕ ಅದಲ್ಲ.

ಶ್ರೀವಾದಿರಾಜ ಗುರುಸಾರ್ವಭೌಮರ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನು ಸೇರಿಸಿ ಮಾಡಿದ ನೈವೇದ್ಯವನ್ನು ಹರಿವಾಣದಲ್ಲಿರಿಸಿ ಅವರು ತಲೆಯ ಮೇಲೆ ಹೊತ್ತು ಕುಳಿತುಕೊಳ್ಳುತ್ತಿದ್ದರು. ಬಿಳಿಯ ಕುದುರೆಯ ರೂಪದಿಂದ ಬಂದ ಶ್ರೀಹಯಗ್ರೀವದೇವರು ಅವರ ಹೆಗಲ ಮೇಲೆ ಮುಂಗಾಲುಗಳನ್ನಿಟ್ಟು ಅದನ್ನು ಸ್ವೀಕರಿಸುತ್ತಿದ್ದರೆಂಬುದು ಮನೆಮನೆಗೂ ತಿಳಿದ ಸಂಗತಿ. ಆ ಭಕ್ಷ್ಯಕ್ಕೆ ಹಯಗ್ರೀವವೆಂದೇ ಹೆಸರು ನಿಂತಿತು. ಡೊಂಬಿವಲಿಯ ಅಡುಗೆಮನೆಯಲ್ಲಿ ಹಯಗ್ರೀವ ಮಾಡುವ ತಾಯಂದಿರಿಗೆ ಹಯಗ್ರೀವನು ‘ಕಲ್ಪಿತ ಪ್ರಾಣಿ’ ಎಂದು ಯಾರಾದರೂ ಹೇಳಿದರೆ ನಗು ಬಂದೀತು. ಅವರ ಮಕ್ಕಳಿಗೆ ನಗು ಬರುವುದಿಲ್ಲ, ಪುಸ್ತಕದಲ್ಲಿ ಓದಿದ್ದೇ ನಿಜವೆನಿಸುತ್ತದೆ. ಕಳವಳದ ವಿಷಯ ಅದು.

ಇನ್ನು ಗರುಡ, ಶೇಷರು. ಇವರು ಭಗವಂತನ ರೂಪಗಳಲ್ಲ, ಶಿಲ್ಪಿಯ ಕಲ್ಪನೆಯೂ ಅಲ್ಲ; ತಾರತಮ್ಯದಲ್ಲಿ ನಿಶ್ಚಿತವಾದ ಸ್ಥಾನವುಳ್ಳ ದೇವತೆಗಳು. ಲಕ್ಷ್ಮೀದೇವಿಯರ ನಂತರ ಬ್ರಹ್ಮವಾಯುಗಳು, ಅನಂತರ ಸರಸ್ವತೀ ಭಾರತಿಯರು, ಅವರ ನಂತರದ ಕಕ್ಷೆಯಲ್ಲಿ ಗರುಡ, ಶೇಷ, ರುದ್ರರು. ಬಾದಾಮಿಯ ಮೂರನೆಯ ಗುಹೆಯಲ್ಲಿ ಶೇಷನ ಸುರುಳಿಯ ಮೇಲೆ ಕುಳಿತ ಶ್ರೀವಿಷ್ಣುವಿನ ಮೂರ್ತಿ ಇದೆ. ಅದೇ ಗುಹೆಯಲ್ಲಿ ವರಾಹ, ನರಸಿಂಹ, ತ್ರಿವಿಕ್ರಮರೂ ಇದ್ದಾರೆ. ಸೂರಿನ ತಳಭಾಗದಲ್ಲಿ ಗರುಡನಿದ್ದಾನೆ. ಚಾಲುಕ್ಯ ಮಂಗಳೇಶನ ಶಾಸನದಿಂದ ಆ ಗುಹೆಯ ಕಾಲ ಕ್ರಿ.ಶ. 578 ಎಂದು ಖಚಿತವಾಗಿದೆ. ಅಂದಿನ ಶಿಲ್ಪಿಯೂ ಈ ಭೇದವನ್ನು ಬಲ್ಲವನಾಗಿದ್ದ ಎಂಬುದು ಕಣ್ಣಿಗೆ ಕಾಣುತ್ತದೆ. ಭಗವಂತನ ರೂಪಗಳಿಗೆ ಗೋಡೆಯ ಪೂರ್ಣ ಎತ್ತರ; ಗರುಡನಿಗೆ ಸೂರಿನ ಸೇವಾಸ್ಥಾನ; ಕಂಬದ ಮೇಲಿನ ಬೋದಿಗೆಗಳಲ್ಲಿ ವ್ಯಾಲಗಳು. ಯಾರನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದಾನೆ.

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು 2017ರಿಂದ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಎಲ್ಲರೂ ನೋಡಿದ್ದಾರೆ. ಅದು ವಾಸ್ತವವಾಗಿ ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ ಎಂಬುದು ಬಹಳ ಜನರಿಗೆ ತಿಳಿಯದು. ಸ್ವಾಮಿಯ ಎದುರು ವಾಹನ ಸಿದ್ಧವಾಗಿರಬೇಕು, ಅಷ್ಟೇ. ಜೇಬಿನಲ್ಲಿ ಗರುಡನ ಗುಡಿಯನ್ನು ಇಟ್ಟುಕೊಂಡು ತಿರುಗುತ್ತಿದ್ದೇವೆಂದು ಮಕ್ಕಳಿಗೆ ತೋರಿಸಬಹುದು.

ಗರುಡನ ಮಾತು ಬಂದುದರಿಂದ ಈ ಸೀಮೆಯ ಒಂದು ಹಳೆಯ ಸಂಗತಿಯನ್ನು ಹೇಳಬೇಕಾಗುತ್ತದೆ. ಇಂದಿನ ಥಾಣೆಗೆ ಹಿಂದೆ ಸ್ಥಾನಕವೆಂದು ಹೆಸರು. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರಿಗೆ ಅದು ಮುಖ್ಯ ನಗರ. ಈ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಕವಿರಾಜಮಾರ್ಗದ ಕಾಲದ ಅರಸ ಅಮೋಘವರ್ಷನ ಹೆಸರೂ ಅವನ ಅಧೀನರಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಹೆಸರೂ ಒಟ್ಟಿಗೆ ಬರುತ್ತವೆ. ಅವರ ಬಿರುದುಗಳಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ ಮುಂತಾದ ಅಚ್ಚಗನ್ನಡದ ಮಾತುಗಳಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ಆಮೇಲೆ ಮನೆ ಬಾಡಿಗೆ ಎಟುಕದೆ ಥಾಣೆ, ಡೊಂಬಿವಲಿಗಳಿಗೆ ಸರಿದ ಕನ್ನಡಿಗರಿಗಿಂತ ಸಾವಿರ ವರ್ಷ ಮೊದಲೇ ಇಲ್ಲಿ ಕನ್ನಡದ ನುಡಿ ಅರಸರ ಬಿರುದಾಗಿತ್ತು.

ಈ ಅರಸರ ಧ್ವಜ ಸುವರ್ಣಗರುಡಧ್ವಜ. ತಾಮ್ರಶಾಸನಗಳ ಮುದ್ರೆಯಲ್ಲಿಯೂ ಗರುಡನೇ. ಶಿವಭಕ್ತರಾದ ಅರಸರಿಗೆ ಗರುಡಧ್ವಜವೇಕೆ? ಅವರು ತಮ್ಮನ್ನು ಜೀಮೂತವಾಹನನ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. ಜೀಮೂತವಾಹನ ವಿದ್ಯಾಧರ ರಾಜಕುಮಾರ. ದಿನಕ್ಕೊಂದು ನಾಗ ಗರುಡನಿಗೆ ಆಹಾರವಾಗಬೇಕೆಂಬ ಕಟ್ಟಳೆ ಇದ್ದ ಕಾಲ. ಒಂದು ದಿನ ಶಂಖಚೂಡನೆಂಬ ನಾಗನ ಸರದಿ. ಅವನ ತಾಯಿ ಅಳುತ್ತಿರುವುದನ್ನು ಕಂಡ ಜೀಮೂತವಾಹನ ಅವನಿಗೆ ಬದಲಾಗಿ ತಾನೇ ವಧ್ಯಶಿಲೆಯ ಮೇಲೆ ಕುಳಿತ. ಗರುಡ ತಿನ್ನತೊಡಗಿದ ಮೇಲೆ, ಆಹಾರವಾದವನು ನೋವಿನಲ್ಲಿಯೂ ಪ್ರಸನ್ನನಾಗಿರುವುದನ್ನು ನೋಡಿ ಬೆರಗಾಗಿ ನಿಂತ. ನಿಜ ತಿಳಿದು ಪಶ್ಚಾತ್ತಾಪಪಟ್ಟು ನಾಗಭಕ್ಷಣೆಯನ್ನೇ ಬಿಟ್ಟ. ಶಿಲೆಯ ಮೇಲೆ ಆಹಾರವಾದವನ ವಂಶ ಶಿಲಾಹಾರವಂಶ. ಶ್ರೀಹರ್ಷನ ನಾಗಾನಂದ ನಾಟಕದ ವಸ್ತುವೂ ಇದೇ. ಕಥೆ ನಡೆದದ್ದು ಹೀಗೆಯೇ ಎಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಯುದ್ಧದಲ್ಲಿ ಗೆದ್ದವನನ್ನು ಬಿಟ್ಟು, ಇನ್ನೊಬ್ಬರ ಮಗನಿಗಾಗಿ ಪ್ರಾಣಕೊಡಲು ಕುಳಿತವನನ್ನು ಒಂದು ರಾಜವಂಶ ತನ್ನ ಮೂಲಪುರುಷನೆಂದು ಆರಿಸಿಕೊಂಡಿತು. ಅವನನ್ನು ತಿಂದು, ಆಮೇಲೆ ಮನಸ್ಸು ಕರಗಿದ ಗರುಡನನ್ನು ಧ್ವಜದ ಮೇಲೆ ಏರಿಸಿತು. ಇದು ಸಾಮಾನ್ಯ ವಿಷಯವಲ್ಲ.

ಇದೇ ಶಿಲಾಹಾರರು ಕಟ್ಟಿಸಿದ ದೇವಾಲಯ ಕಲ್ಯಾಣದಿಂದ ಕರ್ಜತ್ ಮಾರ್ಗದಲ್ಲಿ ಸ್ವಲ್ಪವೇ ದೂರದಲ್ಲಿ, ಅಂಬರ್‌ನಾಥ್‌ನಲ್ಲಿದೆ. ಪ್ರತಿನಿತ್ಯ ಸಾವಿರಾರು ಕನ್ನಡಿಗರು ಆ ನಿಲ್ದಾಣದ ಹೆಸರನ್ನು ಲೋಕಲ್ ಗಾಡಿಯ ಫಲಕದ ಮೇಲೆ ಓದುತ್ತಾರೆ; ಆ ಹೆಸರು ಬಂದದ್ದೇ ಅಲ್ಲಿಯ ಅಂಬರನಾಥನಿಂದ ಎಂದು ತಿಳಿದು ಇಳಿದವರು ಕಡಿಮೆ. ಉತ್ತರ ದ್ವಾರದ ತೊಲೆಯ ಮೇಲಿನ ಶಾಸನದಲ್ಲಿ ಶಕವರ್ಷ 982, ಅಂದರೆ ಕ್ರಿ.ಶ. 1060, ಎಂದಿದೆ, ಮಹಾಮಂಡಲೇಶ್ವರ ಮಾಮ್ವಾಣಿರಾಜನ ಹೆಸರಿದೆ. ಇಡೀ ಗುಡಿ ಇಲ್ಲಿಯ ಬೆಟ್ಟಗಳ ಕಪ್ಪುಕಲ್ಲಿನದು. ಪಶ್ಚಿಮಕ್ಕೆ ಮುಖ. ಮಂಟಪದಿಂದ ಮೆಟ್ಟಿಲುಗಳನ್ನು ಇಳಿದು ಗರ್ಭಗೃಹಕ್ಕೆ ಹೋಗಬೇಕು. ಶಿಖರ ಪೂರ್ಣವಾಗಿ ಉಳಿದಿಲ್ಲವಾದ್ದರಿಂದ ಮೇಲೆ ಆಕಾಶ ಕಾಣುತ್ತದೆ. ಶಿವಾಲಯವೆಂದು ಮಾಧ್ವರು ಹಿಂಜರಿಯಬೇಕಾಗಿಲ್ಲ. ಉಡುಪಿಯಲ್ಲಿಯೂ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಅನಂತರವೇ ಶ್ರೀಕೃಷ್ಣನ ದರ್ಶನವೆಂಬುದು ಸಂಪ್ರದಾಯ.

ಅಂಬರ್‌ನಾಥದ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಪಾಯದ ಪಟ್ಟಿಗಳಲ್ಲಿ ಕೀರ್ತಿಮುಖಗಳ ಸಾಲು, ಆನೆಗಳ ಸಾಲು. ಅವುಗಳ ಮೇಲೆ ದೇವತೆಗಳ, ಅಪ್ಸರೆಯರ ಮೂರ್ತಿಗಳು. ಹಳೇಬೀಡಿನ ಹೊಯ್ಸಳೇಶ್ವರವನ್ನು ನೋಡಿದವರಿಗೆ ಈ ಕ್ರಮ ಹೊಸದಲ್ಲ. ಅಲ್ಲಿ ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ಪುರಾಣಕಥೆಗಳು, ಮಕರಗಳು, ಕೊನೆಗೆ ಹಂಸಗಳು. ಭಾರ ಹೊರುವ ಆನೆ ಕೆಳಗಿರಬೇಕು, ಹಗುರವಾದ ಹಂಸ ಮೇಲಿರಬೇಕು. ಕಟ್ಟಡ ಕಟ್ಟಿದ ಯಾರಿಗಾದರೂ ಈ ಕ್ರಮ ಒಪ್ಪಿಗೆಯಾಗುತ್ತದೆ. ಕಲ್ಲಿನ ಆನೆ ನಿಜವಾಗಿ ಹೆಚ್ಚು ಭಾರ ಹೊರುವುದಿಲ್ಲ, ಹಂಸದ ಕಲ್ಲೂ ಹಗುರವಲ್ಲ. ಆದರೆ ಕಣ್ಣಿಗೂ ಒಂದು ಭದ್ರತೆ ಬೇಕಾಗುತ್ತದೆ. ಕಟ್ಟಡ ನಿಲ್ಲುವುದಲ್ಲದೆ ನಿಂತಂತೆ ತೋರಬೇಕು. ಇದೇ ಕಾರಣಕ್ಕೆ ದಖ್ಖನ್ನಿನ ಗುಡಿಗಳಲ್ಲಿ ಕಂಬದ ಮೇಲೆ ತೊಲೆ ಕೂರುವ ಕಡೆ ಕೀಚಕನೆಂಬ ಡೊಳ್ಳುಹೊಟ್ಟೆಯ ಕುಳ್ಳನನ್ನು ಕೆತ್ತುತ್ತಾರೆ. ಅವನ ಕೆನ್ನೆ ಉಬ್ಬಿರುತ್ತದೆ, ಕಣ್ಣು ಹೊರಬಂದಿರುತ್ತದೆ. ಎಲ್ಲಿ ಭಾರ ಇಳಿಯುತ್ತದೆಯೋ ಅಲ್ಲಿಯೇ ಅವನು ನಿಂತಿರುತ್ತಾನೆ, ಬೇರೆಲ್ಲಿಯೂ ಅಲ್ಲ.

ಶಿಲ್ಪಿಯ ಕಲ್ಪನೆಯಿಂದ ಹುಟ್ಟಿದ ಪ್ರಾಣಿಗಳೆಂದರೆ ಇವು, ಇವುಗಳಿಗೆ ‘ಕಲ್ಪಿತ’ ಎಂಬ ಮಾತು ಸಲ್ಲುತ್ತದೆ. ಕಲ್ಪಿತವೆಂದಮಾತ್ರಕ್ಕೆ ಮನಬಂದಂತೆ ಮಾಡಿದವಲ್ಲ. ವ್ಯಾಲವನ್ನೇ ನೋಡಬಹುದು. ಸಿಂಹದ ಮೈ, ಮುಖ ಮಾತ್ರ ಬೇರೆ ಬೇರೆ: ಸಿಂಹವ್ಯಾಲ, ಗಜವ್ಯಾಲ, ಅಶ್ವವ್ಯಾಲ, ನರವ್ಯಾಲ, ಗಿಳಿಯ ಮುಖದ ಶುಕವ್ಯಾಲ. ಪಶ್ಚಿಮ ಭಾರತದ ಶಿಲ್ಪಗ್ರಂಥವಾದ ಅಪರಾಜಿತಪೃಚ್ಛಾ ಇಂಥ 16 ಬಗೆಗಳನ್ನು ಹೇಳುತ್ತದೆ. ತಮಿಳರು ಯಾಳಿ ಎನ್ನುವುದೂ ಇದನ್ನೇ. ವಿಜಯನಗರದ ಕಾಲಕ್ಕೆ ಈ ವ್ಯಾಲ ಗೋಡೆಯಿಂದ ಹೊರಬಂದು ಮಂಟಪದ ಅಂಚಿನ ಕಂಬವಾಗಿ ಹಿಂಗಾಲುಗಳ ಮೇಲೆ ನಿಂತಿತು. ಕಂಬವೂ ಪ್ರಾಣಿಯೂ ಅದರ ಬೆನ್ನ ಮೇಲಿನ ಸವಾರನೂ ಒಂದೇ ಬಂಡೆಯವು. ಅಷ್ಟು ದೊಡ್ಡ ಕಲ್ಲನ್ನು ಕಡೆದು ಸಾಗಿಸಿ ನೆಟ್ಟಗೆ ನಿಲ್ಲಿಸಿದವರ ಸಾಮರ್ಥ್ಯಕ್ಕೆ ತಲೆಬಾಗಲೇಬೇಕು.

ಮಕರದ ವಿಷಯ ಇನ್ನೂ ಸ್ವಾರಸ್ಯವಾದುದು. ಮೊಸಳೆಯ ದವಡೆ, ಆನೆಯ ಸೊಂಡಿಲು, ಹಂದಿಯ ಕಿವಿ, ಸಿಂಹದ ಕಾಲು, ನವಿಲಿನಂತೆ ಹರಡಿದ ಬಾಲ. ವರುಣನ ವಾಹನ, ಗಂಗೆಯ ವಾಹನ. ಮಕರಮಾಸವೆಂದು ತಿಂಗಳಿಗೂ ಅದರ ಹೆಸರು. ದಿನವೂ ಧ್ಯಾನದಲ್ಲಿ ನೆನೆಯುವ ಮಕರಕುಂಡಲ ಭಗವಂತನ ಕಿವಿಯಲ್ಲಿದೆ. ನೀರಿಗೆ ಸಂಬಂಧಪಟ್ಟ ಪ್ರಾಣಿಯಾದ್ದರಿಂದ ಅಭಿಷೇಕದ ತೀರ್ಥ ಹೊರಬರುವ ಪ್ರಣಾಳಕ್ಕೆ ಅನೇಕ ಕಡೆ ಮಕರಮುಖವನ್ನೇ ಇಡುತ್ತಾರೆ. ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಕಲ್ಲಿನ ಕಟ್ಟಡಕ್ಕೆ ದೊಡ್ಡ ಶತ್ರು ನಿಂತ ನೀರು. ಗೋಡೆಯಿಂದ ದೂರಕ್ಕೆ ನೀರನ್ನು ಚಿಮ್ಮಿಸುವ ಕಲ್ಲಿನ ಬಾಯಿ ಇಲ್ಲದಿದ್ದರೆ ತಳಪಾಯ ಉಳಿಯುವುದಿಲ್ಲ. ಆ ಬಾಯಿಗೆ ಮಕರದ ಆಕಾರ ಕೊಟ್ಟವರು ಸೌಂದರ್ಯವನ್ನೂ ಕೆಲಸವನ್ನೂ ಒಂದೇ ಕಲ್ಲಿನಲ್ಲಿ ಮುಗಿಸಿದರು. ಇಂದು ಕಾಂಕ್ರೀಟಿನ ಗುಡಿಗಳ ಮೇಲೆ ಅಚ್ಚಿನಿಂದ ತೆಗೆದ ಮಕರವನ್ನು ಅಂಟಿಸಿ, ಅದರ ಪಕ್ಕದಲ್ಲಿಯೇ ಪ್ಲಾಸ್ಟಿಕ್ ಕೊಳವೆಯಿಂದ ನೀರು ಬಿಡುವುದನ್ನು ಕಾಣುತ್ತೇವೆ. ಮಕರಕ್ಕೆ ಕೆಲಸವಿಲ್ಲ, ಕೊಳವೆಗೆ ಮಾನವಿಲ್ಲ.

ಗಂಡಭೇರುಂಡ, ಶರಭಗಳ ಬಗ್ಗೆ ಎರಡೇ ಮಾತು. ಎರಡು ತಲೆಯ ಪಕ್ಷಿಯನ್ನು ಮನುಷ್ಯದೇಹದ ಮೇಲೆ ಕೆತ್ತಿದ ಪ್ರಸಿದ್ಧ ಸ್ತಂಭ ಬಳ್ಳಿಗಾವೆಯಲ್ಲಿದೆ, ಕಾಲ 1047. ಅಂದರೆ ಅಂಬರ್‌ನಾಥದ ಶಾಸನಕ್ಕಿಂತ 13 ವರ್ಷ ಹಿಂದಿನದು. ಮೈಸೂರಿನ ಒಡೆಯರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಲಾಂಛನವಾಗಿ ಅದು ಮುಂದುವರಿದಿದೆ. ಅರಸೊತ್ತಿಗೆಯ ಬಲದ ಚಿಹ್ನೆಯಾಗಿ ಅದನ್ನು ಗೌರವಿಸಲು ಯಾವ ಅಡ್ಡಿಯೂ ಇಲ್ಲ. ಶರಭ ನರಸಿಂಹನನ್ನು ಅಡಗಿಸಿತೆಂಬ ಕಥೆಯನ್ನು ಮಾತ್ರ ಮಾಧ್ವರು ಒಪ್ಪುವುದಿಲ್ಲ. ಹಾಗೆಯೇ ಅಂಬರ್‌ನಾಥದ ಹೊರಗೋಡೆಯಲ್ಲಿ ಹರಿ, ಹರ, ಬ್ರಹ್ಮ, ಸೂರ್ಯರನ್ನು ಒಂದೇ ದೇಹದಲ್ಲಿ ತೋರಿಸಿದ ಮೂರ್ತಿಯಿದೆ. ಶಿಲ್ಪವಾಗಿ ಅದು ಸೊಗಸಾಗಿದೆ. ತತ್ತ್ವವಾಗಿ ತಾರತಮ್ಯಕ್ಕೆ ಒಪ್ಪುವುದಲ್ಲ. ನೋಡುವುದು ಬೇರೆ, ಒಪ್ಪುವುದು ಬೇರೆ.

ಈಗ ಮೊದಲ ಪ್ರಶ್ನೆಗೆ ಬರಬಹುದು. ಪ್ರಭಾವಳಿಯ ನೆತ್ತಿಯ ಮುಖ ಯಾರದು?

ಕರ್ನಾಟಕದ ಶಿಲ್ಪಿಗಳು ಅದನ್ನು ಸಿಂಹಲಲಾಟವೆನ್ನುತ್ತಾರೆ. ಪುರಾಣದಲ್ಲಿ ಅದರ ಹೆಸರು ಕೀರ್ತಿಮುಖ. ಜಲಂಧರನ ಕಥೆಯಲ್ಲಿ ಅದು ಬರುತ್ತದೆ. ಉತ್ಥಾನ ದ್ವಾದಶಿಯ ತುಳಸೀಪೂಜೆಯ ಹೊತ್ತಿಗೆ ಕೇಳುವ ವೃಂದೆಯ ಕಥೆ ಇದೇ ಜಲಂಧರನ ಪತ್ನಿಯದು. ಮೂರು ಲೋಕವನ್ನು ಗೆದ್ದ ಮದದಲ್ಲಿ ಜಲಂಧರ ರಾಹುವನ್ನು ದೂತನನ್ನಾಗಿ ಕೈಲಾಸಕ್ಕೆ ಕಳುಹಿಸಿದ. ಪಾರ್ವತಿಯನ್ನು ತನಗೆ ಒಪ್ಪಿಸಬೇಕೆಂಬುದು ಸಂದೇಶ. ಆ ಮಾತು ಮುಗಿಯುತ್ತಿದ್ದಂತೆ ರುದ್ರದೇವರ ಹುಬ್ಬುಗಳ ನಡುವಿನಿಂದ ಸಿಂಹಮುಖದ, ಹಸಿವೆಯಿಂದ ಬಡಕಲಾದ ಒಂದು ಭಯಂಕರ ಪುರುಷ ಹುಟ್ಟಿ ರಾಹುವನ್ನು ನುಂಗಲು ನುಗ್ಗಿತು. ರಾಹು ಶರಣಾದ. ದೂತನನ್ನು ಕೊಲ್ಲಬಾರದೆಂದು ರುದ್ರದೇವರು ತಡೆದರು. ‘ಹಸಿವು ತಡೆಯಲಾರೆ, ಏನನ್ನು ತಿನ್ನಲಿ?’ ಎಂದು ಅದು ಕೇಳಿತು. ‘ನಿನ್ನ ಕೈಕಾಲುಗಳನ್ನೇ ತಿನ್ನು’ ಎಂದು ಅಪ್ಪಣೆಯಾಯಿತು. ಅದು ಎದುರು ಮಾತಾಡಲಿಲ್ಲ. ಕೈ ತಿಂದಿತು, ಕಾಲು ತಿಂದಿತು, ಮೈಯೆಲ್ಲ ತಿಂದು ತಲೆ ಮಾತ್ರ ಉಳಿಯಿತು. ಪ್ರಸನ್ನರಾದ ರುದ್ರದೇವರು ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು, ಸದಾ ತಮ್ಮ ಬಾಗಿಲಲ್ಲಿರುವಂತೆಯೂ, ಅದನ್ನು ಗೌರವಿಸದೆ ಬಂದವರ ಪೂಜೆ ವ್ಯರ್ಥವಾಗುವಂತೆಯೂ ವರವಿತ್ತರು.

ಕೆಳದವಡೆ, ಕತ್ತು, ದೇಹ ಯಾವುದೂ ಇಲ್ಲದಿರುವುದಕ್ಕೆ ಕಾರಣ ಇದೇ. ಅದು ರಾಕ್ಷಸನಲ್ಲ. ಕೋಪದಿಂದ ಹುಟ್ಟಿ, ಎದುರಿಗಿದ್ದ ಆಹಾರವನ್ನು ಸ್ವಾಮಿಯ ಒಂದೇ ಮಾತಿಗೆ ಬಿಟ್ಟು, ಹಸಿವನ್ನು ತನ್ನ ಮೇಲೆಯೇ ತಿರುಗಿಸಿಕೊಂಡ ಸೇವಕ. ಪಶ್ಚಿಮ ಭಾರತದ ಶಿಲ್ಪಗ್ರಂಥಗಳು ಈ ಮುಖಗಳ ಸಾಲನ್ನು ಗ್ರಾಸಪಟ್ಟಿ ಎನ್ನುತ್ತವೆ. ಗ್ರಾಸವೆಂದರೆ ತುತ್ತು. ದ್ವಾದಶಿಯ ಪಾರಣೆಗೆ ಮೊದಲು ಏಕಾದಶಿಯ ನಿರಾಹಾರವನ್ನು ತಿಳಿದ ಮನೆಯವರಿಗೆ, ಹಸಿವನ್ನು ಗೆದ್ದವನಿಗೆ ದೇವರ ಬಾಗಿಲಲ್ಲಿ ಸ್ಥಾನವೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಂಪೆಯಲ್ಲಿ ಕೃಷ್ಣದೇವರಾಯನು 1528ರಲ್ಲಿ ಮಾಡಿಸಿದ 6.7 ಮೀಟರ್ ಎತ್ತರದ ಲಕ್ಷ್ಮೀನರಸಿಂಹನನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಶ್ರೀವ್ಯಾಸರಾಜರು ವಿಜಯನಗರದಲ್ಲಿದ್ದ ಕಾಲ ಅದು. ನಡುವೆ ಭಗವಂತ; ಅವನ ತಲೆಯ ಮೇಲೆ ಏಳು ಹೆಡೆಯ ಶೇಷ; ಶೇಷನ ಮೇಲೆ, ತೋರಣದ ನೆತ್ತಿಯಲ್ಲಿ, ಸಿಂಹಲಲಾಟ. ಒಂದೇ ಬಂಡೆಯಲ್ಲಿ ಸಿಂಹದ ಮುಖ ಎರಡು ಕಡೆ ಇದೆ. ಒಂದು ಸ್ವಾಮಿಯದು, ಇನ್ನೊಂದು ಸೇವಕನದು. ಎರಡೂ ಒಂದೇ ಜಾತಿ ಎನ್ನುವವರು ಆ ಬಂಡೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು.

ಕರ್ನಾಟಕದಲ್ಲಿ ಈ ಮುಖ ಹೆಚ್ಚಾಗಿ ತಲೆಯ ಮೇಲಿರುತ್ತದೆ, ಪ್ರಭಾವಳಿಯಲ್ಲಿ, ತೋರಣದಲ್ಲಿ. ಮಹಾರಾಷ್ಟ್ರದ ಹಳೆಯ ಗುಡಿಗಳಲ್ಲಿ ಅದು ಕಾಲ ಬಳಿಯೂ ಇರುತ್ತದೆ. ಗರ್ಭಗೃಹದ ಹೊಸ್ತಿಲಿನ ಮೇಲೆ ಎಡಬಲಗಳಲ್ಲಿ ಎರಡು ಕೀರ್ತಿಮುಖಗಳನ್ನು ಕೆತ್ತಿರುತ್ತಾರೆ. ಇಲ್ಲಿಯ ಮರಾಠಿ ಭಕ್ತರು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಅರಿಸಿನ ಕುಂಕುಮ ಏರಿಸುತ್ತಾರೆ, ಹೊಸ್ತಿಲನ್ನು ತುಳಿಯದೆ ದಾಟುತ್ತಾರೆ. ಬರುವವರ ಪಾಪವನ್ನು ಅದು ತಿಂದುಹಾಕುತ್ತದೆಂಬುದು ಅವರ ನಂಬಿಕೆ. ಬಹುಕಾಲದಿಂದ ಇಲ್ಲಿದ್ದೂ ಇದನ್ನು ಗಮನಿಸದೆ ಹೊಸ್ತಿಲ ಮೇಲೆ ಕಾಲಿಟ್ಟು ಹೋಗುವ ಕನ್ನಡಿಗರು ಈ ಒಂದು ನಡತೆಯನ್ನು ನೆರೆಯವರಿಂದ ಕಲಿಯಬಹುದು.

ದೃಷ್ಟಿಬೊಂಬೆಯ ಮಾತು ಉಳಿಯಿತು. ಕಟ್ಟಡ ಏಳುವಾಗ ಬೂದುಗುಂಬಳಕಾಯಿಯ ಮೇಲೆ ರಾಕ್ಷಸನ ಮುಖ ಬರೆದು ತೂಗುಹಾಕುವುದು ಒಂದು ಪದ್ಧತಿ. ಅದು ನೋಡುವವರ ಕಣ್ಣನ್ನು ಬೇರೆಡೆಗೆ ಸೆಳೆಯುವುದಕ್ಕೆ. ಅದಕ್ಕೂ ಕೀರ್ತಿಮುಖಕ್ಕೂ ಸಂಬಂಧವಿಲ್ಲ. ಕೀರ್ತಿಮುಖ ದೇವರ ಬಾಗಿಲಿನ ಸೇವಕ; ದೇವರಿಲ್ಲದ ಬಾಗಿಲಿಗೆ, ನೆರೆಯವರ ಅಸೂಯೆಗೆ ಹೆದರಿ, ಅದನ್ನು ತಂದು ಮೊಳೆ ಹೊಡೆಯುವುದು ಸೇವಕನನ್ನು ಕಾವಲು ನಾಯಿಯಂತೆ ಕಟ್ಟಿಹಾಕಿದ ಹಾಗಾಯಿತು. ಮನೆಯೊಳಗಿನ ದೇವರ ಮಂಟಪದ ಬಾಗಿಲಿಗೆ ಬೇಕಾದರೆ ಇಡಬಹುದು. ಅದು ಸರಿಯಾದ ಸ್ಥಳ.

ಪ್ರಭಾವಳಿ ಮಾಡಿಸುವವರು ಗಮನಿಸಬೇಕಾದ ಸಂಗತಿಯೊಂದಿದೆ. ಎಡಬಲದ ಕಂಬಗಳ ಮೇಲೆ ಎರಡು ಮಕರಗಳು; ಅವುಗಳ ಬಾಯಿಯಿಂದ ಹೊರಟ ಬಳ್ಳಿಯೇ ಮೇಲೇರಿ ಕಮಾನಾಗುತ್ತದೆ; ಎರಡು ಕಡೆಯ ಬಳ್ಳಿಗಳು ಕೂಡುವ ನಡುನೆತ್ತಿಯಲ್ಲಿ ಸಿಂಹಲಲಾಟ. ಸೇತುವೆಯ ಕಲ್ಲಿನ ಕಮಾನಿನಲ್ಲಿ ನಡುನೆತ್ತಿಯ ಕಲ್ಲನ್ನು ಕಿತ್ತರೆ ಎರಡು ಪಕ್ಕಗಳೂ ಕುಸಿಯುತ್ತವೆ. ಪ್ರಭಾವಳಿ ಭಾರ ಹೊರುವ ಕಮಾನಲ್ಲ, ನಿಜ. ಆದರೂ ಆ ಮುಖವನ್ನು ತೆಗೆದು ಕಮಲ ಇಟ್ಟರೆ ಎರಡು ಮಕರಗಳೂ ಏತಕ್ಕಾಗಿ ಬಾಯಿ ತೆರೆದಿವೆಯೆಂಬುದೇ ತಿಳಿಯದಂತಾಗುತ್ತದೆ. ಕಮಲಕ್ಕೆ ಬೇರೆ ಸ್ಥಳವಿದೆ, ದೇವರ ಪಾದದ ಕೆಳಗೆ ಪೀಠದಲ್ಲಿ. ಯಂತ್ರದಲ್ಲಿ ಒತ್ತಿದ ಅಗ್ಗದ ತಗಡಿನ ಪ್ರಭಾವಳಿಗಳಲ್ಲಿ ಮಕರ ಮೀನಾಗಿ, ಸಿಂಹಲಲಾಟ ಹೂವಾಗಿ ಹೋಗಿವೆ. ತೂಕ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಕೈಕೆಲಸದವರಿಂದ ಮಾಡಿಸುವುದು ಮೇಲು. ಕೆಲಸ ಮಾಡಿಸುವವರಿಲ್ಲದಿದ್ದರೆ ಆ ಕೈಗಳೂ ಉಳಿಯುವುದಿಲ್ಲ.

ಅಂಬರ್‌ನಾಥದ ಕಲ್ಲುಗಳೂ ಎಷ್ಟು ಕಾಲ ಉಳಿಯುತ್ತವೆಯೋ ಹೇಳಲಾಗದು. 1868ರಲ್ಲಿ ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳು ಬಂದು ಆ ಗುಡಿಯ ಅಳತೆಯ ನಕ್ಷೆಗಳನ್ನು, ಶಿಲ್ಪಗಳ ಅಚ್ಚುಗಳನ್ನು ತೆಗೆದರು. ಪುಣ್ಯದ ಕೆಲಸ. ಅದಾದ ಮೇಲೆ ಸುತ್ತಲೂ ಊರು ಬೆಳೆಯಿತು, ರಾಸಾಯನಿಕ ಕಾರ್ಖಾನೆಗಳು ಬಂದವು. ಗುಡಿಯ ಪಕ್ಕದಲ್ಲಿ ಹರಿಯುವ ವಾಲಧುನಿ ನದಿ ಅವುಗಳ ತ್ಯಾಜ್ಯದಿಂದ ಕೆಟ್ಟಿದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆಯೆಂಬುದು ಸಮಾಧಾನ. ಆದರೆ ಮಳೆಗೆ, ಗಾಳಿಗೆ ಇಲಾಖೆಯ ಫಲಕ ಕಾಣಿಸುವುದಿಲ್ಲ. ಮುಖಗಳು ಸವೆದಿವೆ. ಕೆಲವು ಕಡೆ ಕಣ್ಣಿನ ಗುಂಡು ಮಾತ್ರ ಉಳಿದು ಉಳಿದುದೆಲ್ಲ ನುಣುಪಾಗಿದೆ. ಹಾಲು, ಎಣ್ಣೆ, ಕುಂಕುಮಗಳನ್ನು ಹೊರಗೋಡೆಯ ಶಿಲ್ಪಗಳಿಗೆ ಬಳಿಯದಿರುವುದೂ ಈಗ ಒಂದು ಸೇವೆಯೇ; ಒಳಗಿನ ದೇವರಿಗೆ ಅದೆಲ್ಲ ಸಲ್ಲುತ್ತದೆ.

ಹೋಗಬಯಸುವವರಿಗೆ: ಕಲ್ಯಾಣದಿಂದ ಕರ್ಜತ್ ಅಥವಾ ಬದಲಾಪುರದ ಕಡೆಗೆ ಹೋಗುವ ಲೋಕಲ್ ಹಿಡಿದು ಅಂಬರ್‌ನಾಥದಲ್ಲಿ ಇಳಿದು, ಪೂರ್ವದ ಬದಿಗೆ ಬಂದರೆ ಅಲ್ಲಿಂದ ರಿಕ್ಷಾ ಸಿಗುತ್ತದೆ. ಮಹಾಶಿವರಾತ್ರಿಯ ದಿನ ಬೇಡ, ಜನಸಂದಣಿಯಲ್ಲಿ ಗೋಡೆ ಕಾಣುವುದಿಲ್ಲ. ಮಳೆ ನಿಂತ ಮೇಲೆ, ಕಾರ್ತಿಕದ ಒಂದು ರವಿವಾರ, ಸಂಜೆ ನಾಲ್ಕರ ಹೊತ್ತಿಗೆ ಹೋಗುವುದು ಒಳ್ಳೆಯದು. ಗುಡಿ ಪಶ್ಚಿಮಾಭಿಮುಖವಾದ್ದರಿಂದ ಆಗ ಬಿಸಿಲು ಓರೆಯಾಗಿ ಬಿದ್ದು, ಸವೆದ ಕೆತ್ತನೆಯೂ ನೆರಳಿನಿಂದ ಎದ್ದು ಕಾಣುತ್ತದೆ. ಮಕ್ಕಳನ್ನು ಕರೆದೊಯ್ದು ಅಡಿಪಾಯದ ಪಟ್ಟಿಯ ಬಳಿ ಕುಳ್ಳಿರಿಸಿದರೆ ಆ ಮುಖಗಳು ಸರಿಯಾಗಿ ಅವರ ಕಣ್ಣಿನ ಎತ್ತರಕ್ಕೆ ಬರುತ್ತವೆ.

|| ಶ್ರೀಕೃಷ್ಣಾರ್ಪಣಮಸ್ತು ||